ಏಳು ಲೋಕಗಳ ಇವಳು

ಗುಂಡಣ್ಣನವರ ಕಾದಂಬರಿಯಲ್ಲಿ ಏಳು ಸಮಾನಾಂತರ ವಿಶ್ವಗಳಿದ್ದವು. ಮೂರನೆಯದು ಮುಗಿಯುವಷ್ಟರಲ್ಲೇ ಅವರ ಹೆಂಡತಿ ಕಾತ್ಯಾಯಿನಿಗೆ ಸಾಕುಸಾಕಾಗಿತ್ತು. ಪಕ್ಕದ ಶ್ರೀನಗರ ಬಡಾವಣೆಯ ಪ್ರೆಸ್ಸಿನಿಂದ ಪ್ರೂಫ್ ಬಂದು ಮೂರು ದಿನವಾಗಿತ್ತು. ನಿವೃತ್ತ ಎಂಜಿನಿಯರ್ ಸಾಹೇಬರ ಕೈಗೆ ಒತ್ತಕ್ಷರಗಳು ಎಂದೂ ಬಗ್ಗಿದವಲ್ಲ. ಹಾಗಾಗಿ ಕೆಂಪು ಪೆನ್ನು ಹೆಂಡತಿಯ ಪಾಲಿಗೆ ಬಂದಿತ್ತು.

ಹಾಗೆ ನೋಡಿದರೆ ಕಾದಂಬರಿಯ ಮೂಲವೇ ಅವಳು. ಎಂ.ಎಸ್ಸಿ. ಫಿಸಿಕ್ಸ್ ಓದಿದವಳು. ಎರಡು ವರ್ಷದ ಹಿಂದೆ ಹುರುಳಿಕಾಯಿ ಸೋಸುತ್ತಾ, ನಾವು ಕೈಬಿಟ್ಟ ದಾರಿಯಲ್ಲಿ ಇನ್ಯಾವುದೋ ಲೋಕದ ನಾವೇ ನಡೆದು ಹೋಗುತ್ತಿರಬಹುದಂತೆ ಎಂದು ಗಂಡನಿಗೆ ವಿವರಿಸಿದ್ದಳು. ಉದಾಹರಣೆಗೆ ತನ್ನದೇ ಕಥೆ ಕೊಟ್ಟಿದ್ದಳು. "ತುಮಕೂರಿನ ಕಾಲೇಜಿಂದ ಲೆಕ್ಚರರ್ ಆರ್ಡರ್ ಬಂದಿತ್ತಲ್ಲ, ನಿಮ್ಮಮ್ಮ ಬೇಡ ಅಂದ್ರಲ್ಲ. ಇನ್ನೊಂದ್ ಲೋಕದಲ್ಲಿ ನಾನು ಹೋಗಿ ಸೇರ್ಕೊಂಡಿರ್ತೀನಿ." ಗುಂಡಣ್ಣನವರ ಕಣ್ಣು ಅರಳಿತ್ತು. ಮಾರನೆಯ ದಿನವೇ ಬರೆಯಲು ಕೂತಿದ್ದರು.

ಸುಳ್ಳೇಕೆ, ಅವಳು ಓದುತ್ತಿದ್ದುದು ಆ ಲೆಕ್ಚರರನ್ನು ಹುಡುಕಿಕೊಂಡೇ. ಕಥೆ ಸಪ್ಪೆಯಾದರೆ ಆಗಲಿ, ವಿಜ್ಞಾನ ತಪ್ಪಾದರೂ ಆಗಲಿ. ಎಲ್ಲೋ ಒಂದು ಸಾಲಿನಲ್ಲಿ ಸೀಮೆಸುಣ್ಣ ಹಿಡಿದ ಹೆಂಗಸೊಬ್ಬಳು ಸಿಕ್ಕಿದ್ದರೆ ಸಾಕಿತ್ತು.

ಮೊದಲ ವಿಶ್ವದಲ್ಲಿ ನಾಯಕ ವಿಜ್ಞಾನಿ. ಎರಡನೆಯದರಲ್ಲಿ ಮಹಾರಾಜ. ನಾಲ್ಕರಲ್ಲಿ ಬನಶಂಕರಿ ಬಸ್ ಸ್ಟ್ಯಾಂಡ್ ಇದ್ದ ಜಾಗದಲ್ಲಿ ಸಮುದ್ರ, ಅವನು ಹಡಗಿನ ಕಪ್ತಾನ. ಆರರಲ್ಲಿ ಮನುಷ್ಯರಿಗೆಲ್ಲ ಮೂರು ಕೈ. ಎಲ್ಲ ಕಡೆಯೂ ಅವನು ದಣಿದು ಮನೆಗೆ ಬಂದು, ಕುರ್ಚಿಯಲ್ಲಿ ಕೂತು, "ಇವಳೇ" ಎಂದು ಕೂಗುತ್ತಿದ್ದ. ಒಳಗಿನಿಂದ ಹೆಂಡತಿ ಕಾಫಿ ತರುತ್ತಿದ್ದಳು. ಆರನೆಯ ವಿಶ್ವದಲ್ಲಿ ಮೂರನೇ ಕೈಯಲ್ಲಿ ಚಕ್ಕುಲಿಯನ್ನೂ ತಂದಳು.

ನಲವತ್ತೆರಡು ವರ್ಷದಿಂದ ಈ ಮನೆಯಲ್ಲೂ ಅದೇ ಕೂಗು. ಕಾತ್ಯಾಯಿನಿಗೆ ಸಿಟ್ಟು ಬರಲಿಲ್ಲ. ಸಿಟ್ಟಾಗುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಏಳನೆಯ ವಿಶ್ವವನ್ನೂ ಮುಗಿಸಿದಳು. ಅಲ್ಲೂ ಕಾಫಿ. 'ಇವಳೇ' ಬಂದ ಕಡೆಯಲ್ಲೆಲ್ಲ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ 'ಯಾರು?' ಎಂದು ಬರೆದು, ಕಟ್ಟನ್ನು ಗಂಡನ ಮುಂದಿಟ್ಟಳು.

ಗುಂಡಣ್ಣನವರು ಕನ್ನಡಕ ಏರಿಸಿ ನೋಡಿದರು. ತಲೆ ಕೆರೆದುಕೊಂಡರು. ಆಮೇಲೆ ಮುಖ ಬೆಳಗಿತು.

"ಹೌದಲ್ವೇ! ಹೆಸರೇ ಇಟ್ಟಿಲ್ಲ ನಾನು."

ಅಲ್ಲೇ ಪ್ರೆಸ್ಸಿನ ಮಹೇಶನಿಗೆ ಫೋನ್ ಮಾಡಿದರು. "ಮಹೇಶ್, 'ಇವಳೇ' ಅಂತ ಎಲ್ಲೆಲ್ಲಿದ್ಯೋ ಅಲ್ಲೆಲ್ಲ 'ಕಾತ್ಯಾಯಿನಿ' ಅಂತ ಹಾಕ್ಬಿಡಪ್ಪ." ಫೋನಿಟ್ಟು ಹೆಂಡತಿಯ ಕಡೆ ತಿರುಗಿದರು. "ಏಳು ಲೋಕದಲ್ಲೂ ನಿನ್ನ ಹೆಸರು ಬಂತು ನೋಡು. ಖುಷೀನಾ?"

"ತುಮಕೂರು ಎಲ್ಲಿ ಹೋಯ್ತು?"

"ಯಾವ ತುಮಕೂರು?"

ಅದು ನಟನೆಯಾಗಿರಲಿಲ್ಲ, ಅವರು ನಿಜವಾಗಿಯೂ ಮರೆತಿದ್ದರು. ಅವಳಿಗೆ ಚುಚ್ಚಿದ್ದು ಅದೇ.

ಗುಂಡಣ್ಣನವರು ಹಾಯಾಗಿ ಕುರ್ಚಿಗೆ ಒರಗಿದರು. ಮದುವೆಯಾದಾಗಿನಿಂದ ಮೊದಲ ಸಲ ಹೆಂಡತಿಯನ್ನು ಹೆಸರು ಹಿಡಿದು ಕರೆದರು.

"ಕಾತ್ಯಾಯಿನೀ, ಒಂದ್ ಲೋಟ ಕಾಫಿ."

ಕಾತ್ಯಾಯಿನಿ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ಕೂತಲ್ಲಿಂದ ಏಳಲಿಲ್ಲ.

"ಅವಳು ತುಮಕೂರಿಗೆ ಹೋಗಿದಾಳೆ ರೀ," ಎಂದಳು. "ಕ್ಲಾಸಿದೆ. ಬರೋದು ಸಾಯಂಕಾಲ ಆಗತ್ತೆ."