ಅಕ್ಕನ ಕೈ, ತಂಗಿಯ ಅರ್ಜಿ

ಹೋಟೆಲೊಂದರ ಲಾಂಡ್ರಿಯಲ್ಲಿ ಅಕ್ಕ ತಂಗಿ ಒಂಬತ್ತು ವರ್ಷ ಒಟ್ಟಿಗೆ ದುಡಿದಿದ್ದರು. ಆಸ್ಪತ್ರೆಯ ಲಾಂಡ್ರಿಗೆ ಮೇಲ್ವಿಚಾರಕಿ ಬೇಕೆಂದು ತಿಳಿದು ತಂಗಿ ಅರ್ಜಿ ಬರೆದಳು. ಮಾಡಿದ ಕೆಲಸಗಳ ಪಟ್ಟಿಯಷ್ಟೇ ಸಾಲದು, ನಿಮಗಾದ ಒಂದು ಅನುಭವವನ್ನೂ ಹೇಳಿ ಎಂದು ಯಾರೋ ಅವಳಿಗೆ ಸಲಹೆ ಕೊಟ್ಟಿದ್ದರು.

ಆ ಹಾಳೆ ಅಡುಗೆಮನೆಯ ಮೇಜಿನ ಮೇಲೆ ಅಕ್ಕನ ಕಣ್ಣಿಗೆ ಬಿತ್ತು.

“‘ಹಬೆಯ ಪೈಪು ಒಡೆದಾಗ ನಾನೇ ಒಳಗೆ ನುಗ್ಗಿ ವಾಲ್ವ್ ಮುಚ್ಚಿದೆ.’ ನೀನಾ? ಹಾಗಾದ್ರೆ ಇದ್ಯಾರ ಕೈ?” ಎಂದು ಸುಟ್ಟ ಕಲೆಯಿದ್ದ ಮುಂಗೈಯನ್ನು ತಂಗಿಯ ಮೂಗಿನ ಮುಂದೆಯೇ ಹಿಡಿದಳು.

“ನೀನಂತೂ ಅರ್ಜಿ ಹಾಕಲ್ಲ. ಸುಮ್ನೆ ಕೊಳೀತಾ ಬಿದ್ದಿತ್ತು ಆ ಕಥೆ,” ಎಂದು ತಂಗಿ ಮುಖ ಸೊಟ್ಟ ಮಾಡಿದಳು.

“ನಾಚಿಕೆ ಆಗಲ್ವೇನೇ? ಎಲ್ಲರಿಗಿಂತ ಮೊದ್ಲು ಹೊರಗೆ ಓಡಿದವಳು ನೀನು!”

“ಹೌದು, ಓಡಿದೆ! ಅದನ್ನ ಬರೆದ್ರೆ ಕೆಲಸ ಕೊಡ್ತಾರಾ?”

“ಓಡಿ ಬಾಗಿಲಲ್ಲಿ ನಿಂತು, ತಲೆ ಎಣಿಸಿ, ಇಸ್ತ್ರಿಯವಳು ಬಂದಿಲ್ಲ ಅಂತ ಅರಚಿದ್ಯಲ್ಲ, ಅದನ್ನ ಬರಿ. ನೀನು ಅರಚದಿದ್ರೆ ನಾನು ಒಳಗೆ ಹೋಗ್ತಾನೇ ಇರಲಿಲ್ಲ. ನಿಂದು ನಿನಗಿರುವಾಗ ನಂದಕ್ಕೆ ಯಾಕೆ ಕೈ ಹಾಕ್ತೀಯ?”

ಅಕ್ಕ ಹಾಳೆಯನ್ನು ಹರಿದು ಎಸೆದಳು. ತಂಗಿ ಹಲ್ಲು ಕಚ್ಚಿಕೊಂಡು ಹೊಸದಾಗಿ ಬರೆದಳು, ಓಡಿದ್ದನ್ನೂ ಬಿಡಲಿಲ್ಲ.

ಆ ಗಾಬರಿಯಲ್ಲೂ ತಲೆ ಎಣಿಸಬೇಕೆಂದು ಹೇಗೆ ಹೊಳೆಯಿತು ಎಂದೇ ಸಂದರ್ಶನದಲ್ಲಿ ಕೇಳಿದರು. ಕೆಲಸ ಸಿಕ್ಕಿತು. ಸುದ್ದಿ ಹೇಳಲು ತಂಗಿ ಬಂದಾಗ ಅಕ್ಕ ಪಾತ್ರೆ ತೊಳೆಯುತ್ತಿದ್ದಳು.

“ಗೊತ್ತಾಯ್ತು,” ಎಂದಳು, ತಿರುಗಿಯೂ ನೋಡದೆ. ತನ್ನ ಕಥೆಗೆ ಕೈ ಹಾಕಿದ ಸಿಟ್ಟು ಅವಳಿಗಿನ್ನೂ ಇಳಿದಿರಲಿಲ್ಲ; ಆ ತಿಂಗಳೆಲ್ಲ ಇಬ್ಬರ ನಡುವೆ ಮಾತಿರಲಿಲ್ಲ.