ನನ್ನ ಅನುಮೋದನೆ ಇದೆ

ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಯಾರದೋ ಕಾಲುಚೀಲ, ಕೆಂಪನೆಯದು, ಹಿಮ್ಮಡಿಗೆ ನೀಲಿ ದಾರದ ಹೊಲಿಗೆ, ಒದ್ದೆ ಉಣ್ಣೆಯ ವಾಸನೆ ಕೋಣೆಯ ತುಂಬ — ಕೆಳಗೆ ನೆಲಮಾಳಿಗೆಯಲ್ಲಿ ಮಲಗುವ ಡೆಲ್ಮಾಳದೇ ಇರಬೇಕು, ಬೆಳಿಗ್ಗೆ ಹಾಸಿಗೆ ಮಡಚಿಟ್ಟು ಹೋಗುವಾಗ ಇಲ್ಲಿ ಒಣಹಾಕಿ ಮರೆತಿದ್ದಾಳೆ, ರಾತ್ರಿ ಮಲಗಲು ಬಂದಾಗ ಬೆಚ್ಚಗೆ ಸಿಗುತ್ತದೆ, ಬಂದರೆ, ಬರಲು ಬಿಟ್ಟರೆ, ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ, ಎಂದುಕೊಂಡಳು ಆರ್ಡಿತ್ ಮೆಕೆಲ್ವಿ, ಏಕೆಂದರೆ ಈಗಷ್ಟೇ ಮರ್ಲ್ ಹಚಿಸನ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಮನೆಯಿಲ್ಲದವರನ್ನ ಮಲಗಿಸೋದು ಇವತ್ತಿಗೇ ನಿಲ್ಲಬೇಕು ಅಂತ ಸೂಚಿಸ್ತೀನಿ, ಎಂದಿದ್ದ, ಮೇಜಿನ ಸುತ್ತ ಕೂತ, ಚರ್ಚಿನ ಆಡಳಿತ ನಡೆಸುವ ಸಭಾಹಿರಿಯರಲ್ಲಿ ಮನಸ್ಸಿನಲ್ಲಿ ಹೂಂ ಎನ್ನುವವರಿದ್ದರು, ಆದರೆ ಅಂಥ ಮಾತಿಗೆ ತಮ್ಮ ಹೆಸರು ಕೊಡುವ ಧೈರ್ಯ ಯಾರಿಗೂ ಇರಲಿಲ್ಲ, ಪಾಸ್ಟರ್ ಸೂಯಂಗ್ ಎಲ್ಲರ ಮುಖ ನೋಡಿ, ಅನುಮೋದಕರು ಯಾರಾದ್ರೂ ಇದೀರಾ ಎಂದರು, ಒಂದು ನಿಮಿಷ ಸುಮ್ಮನಿದ್ದಿದ್ದರೆ ಠರಾವು ಅಲ್ಲೇ ಬಿದ್ದುಹೋಗುತ್ತಿತ್ತು, ಎಲ್ಲರೂ ಬಿಸ್ಕತ್ತು ತಿಂದು ಮನೆಗೆ ಹೋಗುತ್ತಿದ್ದರು, ಆದರೆ ಅವಳ ಬಾಯಿ, ಹಾಳು ಬಾಯಿ, ತಾನಾಗಿಯೇ ನನ್ನ ಅನುಮೋದನೆ ಇದೆ ಎಂದುಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಭಾಹಿರಿಯಳಾದ ದಿನದಿಂದಲೂ ಇದೇ ಚಾಳಿ ಅವಳಿಗೆ, ಯಾರೇ ಏನೇ ಸೂಚಿಸಲಿ, ಆಡಿದವರ ಮಾತು ನೆಲಕ್ಕೆ ಬೀಳಬಾರದು, ಚರ್ಚೆಗಾದರೂ ಬರಲಿ, ಕುರ್ಚಿಗೆ ಬಣ್ಣ, ನನ್ನ ಅನುಮೋದನೆ ಇದೆ, ಈಸ್ಟರ್ ದಿನ ಹ್ಯಾಮ್ ಊಟ, ನನ್ನ ಅನುಮೋದನೆ ಇದೆ, ಗಂಡ ವೆಂಡೆಲ್ ಬದುಕಿದ್ದಾಗ ನಗುತ್ತಿದ್ದ, ಯಾರಾದ್ರೂ ಚರ್ಚನ್ನೇ ನದಿಗೆ ಎಸೀಬೇಕು ಅಂತ ಸೂಚಿಸಿದ್ರೂ ನೀನು ಕೈ ಎತ್ತೋಳೇ ಕಣೇ ಆರ್ಡಿ. ಎತ್ತಿದಳಲ್ಲ, ನೋಡು ವೆಂಡೆಲ್, ಎತ್ತಿಯೇಬಿಟ್ಟಳು.

ಎಲ್ಲರೂ ಈಗ ಅವಳನ್ನು ಮರ್ಲ್‌ನ ಕಡೆಯವಳೆಂದು ನೋಡುತ್ತಿದ್ದಾರೆ, ಎದುರಿಗೆ ಕೂತ ಹಿರಿಯಳು ಗೇಲ್ ಅಂತೂ ಕನ್ನಡಕದ ಮೇಲಿಂದ, ನಿನ್ನಿಂದ ಇದನ್ನ ನಿರೀಕ್ಷಿಸಿರಲಿಲ್ಲ ಎಂಬಂತೆ — ನಾನೂ ನಿರೀಕ್ಷಿಸಿರಲಿಲ್ಲ ತಾಯಿ — ಮರ್ಲ್ ಮಾತ್ರ ಇತ್ತ ನೋಡುತ್ತಿಲ್ಲ, ಮೇಜಿನ ಮೇಲೆ ಆ ಕೈ ಚಾಚಿ ಕೂತಿದ್ದಾನೆ, ಉಂಗುರದ ಬೆರಳಿಲ್ಲದ ಕೈ, ಉಕ್ಕಿನ ಕಾರ್ಖಾನೆ ತಿಂದ ಬೆರಳು, ಆ ಕೈ ಅವಳಿಗೆ ತನ್ನದೇ ಕೈಯಷ್ಟು ಗೊತ್ತು. ಅವಳಿಗೆ ದೀಕ್ಷೆ ಕೊಟ್ಟ ಭಾನುವಾರ, ಈ ಚರ್ಚಿನಲ್ಲಿ ಸಭಾಹಿರಿಯಳಾದ ಮೊದಲ ಹೆಂಗಸು ಅವಳು, ಮೊಣಕಾಲೂರಿದ್ದಾಳೆ, ಹಿಂದೆ ಹಿರಿಯರಾಗಿದ್ದವರೆಲ್ಲ ಬಂದು ತಲೆಯ ಮೇಲೆ ಕೈ ಇಡಬೇಕು, ಅವರಲ್ಲೊಬ್ಬರಾದ ಮಾವ, ಹೆಂಗಸಿಗೇಕೆ ಇದೆಲ್ಲ ಎಂದು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಲ್ಲೇ ಕೂತಿದ್ದಾರೆ, ಅವಳು ನೆಲಕ್ಕೆ ಒಂದು ಕೈ ಊರಿಕೊಂಡಿದ್ದಾಳೆ, ಆಗ ಒಂದು ಭಾರವಾದ ಕೈ ಬಂತು, ಕಾರ್ಖಾನೆ ಸಾಬೂನಿನ ವಾಸನೆ, ಬೆರಳಿಲ್ಲದ ಕಡೆ ಮಾತ್ರ ತಣ್ಣಗೆ, ಹೆದ್ರಬೇಡ ಆರ್ಡಿ, ಬೀಳಲ್ಲ ನೀನು, ನಾನು ಹಿಡ್ಕೊಂಡಿದೀನಿ. ಆ ಮರ್ಲ್ ಈಗ ಹೇಳುತ್ತಿದ್ದಾನೆ, ಡೆಲ್ಮಾಳನ್ನು ಹಿಮಕ್ಕೆ ಅಟ್ಟೋಣ ಎಂದು. ಕಾರ್ಖಾನೆ ಮುಚ್ಚಿದ ವರ್ಷ ಇದೇ ನೆಲಮಾಳಿಗೆಯಲ್ಲಿ ಸೂಪಿನ ಹಂಡೆ ಹೊತ್ತವನು, ಕೆಲಸ ಕಳಕೊಂಡ ಗಂಡಸರು ನಾಚಿಕೊಂಡು ಬಾಗಿಲಲ್ಲಿ ನಿಂತರೆ, ಬನ್ರೋ, ನಮ್ಮಪ್ಪನ ಮನೆಯಲ್ಲ ಇದು, ಪರಮಪಿತನ ಮನೆ, ಅವನೇನೂ ಬಾಡಿಗೆ ಕೇಳಲ್ಲ, ಎಂದು ಕೂಗಿದವನು, ಏನಾಯಿತೋ ನಿನಗೆ ಮಹರಾಯ, ವಯಸ್ಸಾದ ಮೇಲೆ ಎದೆ ಒಣಗಿತೇ.

ಕಟ್ಟಡ ಬಿಸಿ ಮಾಡೋ ಬಾಯ್ಲರ್ ಹಳೇದು, ಎನ್ನುತ್ತಿದ್ದಾನೆ ಮರ್ಲ್, ಅದಕ್ಕೆ ನಮ್ಮಷ್ಟೇ ವಯಸ್ಸು, ರಿಪೇರಿ ಮಾಡಿಸಿದೀವಿ, ಸರಿಯಿದೆ ಅಂತ ಬರ್ಕೊಟ್ಟಿದಾರೆ, ಎಲ್ಲಾ ಸರಿ, ಆದ್ರೆ ಕೆಳಗೆ ಜನ ಮಲಗಿರ್ತಾರೆ, ಮಲಗಿದವರಿಗೆ — ಅಲ್ಲಿಗೆ ಮಾತು ನಿಂತಿತು, ನೀರು ಕುಡಿದ, ಲೋಟ ಹಲ್ಲಿಗೆ ತಾಗಿ ಸದ್ದಾಯಿತು. ಮಲಗಿದವರಿಗೆ. ಎಲ್ಲಿ ಕೇಳಿದ್ದೆ ಈ ಮಾತನ್ನು, ಅವನ ಹೆಂಡತಿ ಬೆಟ್ ತೀರಿಕೊಂಡಾಗ, ಆಲೂಗಡ್ಡೆ ಬೇಯಿಸಿ ಒಯ್ದಿದ್ದಳು, ತಟ್ಟೆ ಮುಟ್ಟದೆ ಕೂತಿದ್ದ, ಇದ್ದಕ್ಕಿದ್ದಂತೆ, ಕಾರ್ಖಾನೆ ಅಂಗಳದ ಆ ಗುಡಿಸಲಲ್ಲಿ ಮೂರು ಹುಡುಗ್ರು ಕಣೇ ಆರ್ಡಿ, ಚಳಿ ಅಂತ ಹೀಟರ್ ಹಚ್ಕೊಂಡು ಊಟದ ಹೊತ್ತಲ್ಲಿ ಮಲಗಿದ್ರು, ಹೀಟರಿನ ವಿಷ ಗ್ಯಾಸು, ಬಾಗಿಲು ಒಡೆದೋನು ನಾನೇ, ಮಲಗಿದ್ದ ಹಾಗೇ ಇದ್ರು, ಒಬ್ಬನ ಕೈಯಲ್ಲಿ ಸೇಬಿತ್ತು, ಕಚ್ಚಿರಲೂ ಇಲ್ಲ. ಆಮೇಲೆ ಮತ್ತೆಂದೂ ಆ ಸುದ್ದಿ ಎತ್ತಲಿಲ್ಲ ಅವನು. ದೇವರೇ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ನೆಲಮಾಳಿಗೆಯ ಬಾಗಿಲಲ್ಲಿ ಟೋಪಿ ಹಿಡಿದು ನಿಲ್ಲುತ್ತಾನಂತೆ, ಡೆಲ್ಮಾ ಬೈಯುತ್ತಿದ್ದಳಲ್ಲ, ಆ ಮುದುಕಪ್ಪ ನಾವು ಏನಾದ್ರೂ ಕದಿತೀವಾ ಅಂತ ಲೆಕ್ಕ ಹಾಕ್ತಾನೆ ಅಂತ, ಅಯ್ಯೋ ಪೆದ್ದೀ, ಅವನು ನೋಡೋದು ಉಸಿರಾಡ್ತಿದೀರಾ ಅಂತ. ಆರ್ಡಿತ್‌ಗೆ ಬಂದದ್ದು ಪ್ರೀತಿಯೋ ಸಿಟ್ಟೋ, ಎರಡೂ, ಇಷ್ಟು ದಿನ ಒಬ್ಬನೇ ಹೊತ್ತೆಯಲ್ಲೋ, ಬಾಯಿಬಿಟ್ಟು ಹೇಳಬಾರದಿತ್ತೇ.

ಅನುಮೋದಕರು ಏನಾದ್ರೂ ಹೇಳ್ತೀರಾ, ಎನ್ನುತ್ತಿದ್ದಾರೆ ಪಾಸ್ಟರ್. ಹೇಳಬಹುದು, ಅನುಮೋದಿಸಿದವರು ವಿರುದ್ಧವೂ ಮಾತಾಡಬಹುದು, ಸೂಚಿಸಿದವನು ಮಾತ್ರ ತನ್ನ ಠರಾವಿನ ವಿರುದ್ಧ ಒಂದು ಮಾತೂ ಆಡುವಂತಿಲ್ಲ, ಅದನ್ನು ಕಲಿಸಿದವನೂ ಮರ್ಲ್‌ನೇ, ಚರ್ಚಿಗೆ ಯಾವ ಬಣ್ಣದ ರತ್ನಗಂಬಳಿ ಎಂಬ ಜಗಳದಲ್ಲಿ, ತಾನೇ ಹಸಿರು ಬೇಕು ಎಂದು ಸೂಚಿಸಿ ಕೊನೆಗೆ ಬೇಡವೆಂದು ಕೈ ಎತ್ತಿದ್ದ, ಇದೇನೋ ಎಂದರೆ ನಗುತ್ತ, ಮಾತಿಗೆ ಬೀಗ ಹಾಕ್ತಾರೆ ಆರ್ಡಿ, ಕೈಗೆ ಹಾಕಲ್ಲ, ಮನುಷ್ಯನಿಗೆ ತಡವಾಗಾದ್ರೂ ಬುದ್ಧಿ ಬರ್ಬೇಕಲ್ಲ. ಎದ್ದಳು, ಮಂಡಿ ಕಟಕ್ಕೆಂದಿತು, ಪಾಸ್ಟರ್‌ಗೆ ಹೇಳಬೇಕು, ಸಭೆಗೆ ಹೇಳಬೇಕು, ಪದ್ಧತಿ ಅದು, ಆದರೆ ಕಣ್ಣು ಅವನ ಕಡೆಗೇ ಹೋಯಿತು. ಮರ್ಲ್, ನೀನು ಹೇಳೋದು ಸುಳ್ಳಲ್ಲ, ವಿಷ ಗ್ಯಾಸು ಪತ್ತೆ ಹಚ್ಚೋ ಯಂತ್ರ ನಾಲ್ಕು ಮೂಲೆಗೂ ಹಾಕ್ಸೋಣ, ಅದನ್ನೂ ನೀನು ನಂಬಲ್ಲ, ಗೊತ್ತು ನಂಗೆ, ಅದಕ್ಕೇ ಬಾಯ್ಲರ್ ಪಕ್ಕ ಎರಡು ಕುರ್ಚಿ ಹಾಕ್ಸೋಣ, ಒಂದ್ರಲ್ಲಿ ನೀನು, ಒಂದ್ರಲ್ಲಿ ನಾನು, ನಿನಗೆ ನಿದ್ದೆ ಬಂದ್ರೆ ನಾನು ಎದ್ದಿರ್ತೀನಿ, ನಾವು ಸೋತ್ರೆ ಬೇರೆಯವ್ರು ಕೂರ್ತಾರೆ, ಆದ್ರೆ ಅವರನ್ನ ಹೊರಗೆ ಕಳಿಸಿದ್ರೆ, ಮಹರಾಯ, ಬೆಳಿಗ್ಗೆ ಬಂದು ನೋಡೋದಕ್ಕೆ ನಿಂಗೆ ಬಾಗಿಲೂ ಇರಲ್ಲ. ಇನ್ನೂ ಒಂದು ಮಾತು ಉಳಿದಿತ್ತು, ಹೆದ್ರಬೇಡ, ಹಿಡ್ಕೊಂಡಿದೀನಿ. ಕೂತಳು.

ಪರವಾಗಿರೋರು ಕೈ ಎತ್ತಿ, ಎನ್ನುತ್ತಾರೆ ಪಾಸ್ಟರ್, ಅವರು ಮತ ಹಾಕುವ ಪದ್ಧತಿ ಇಲ್ಲಿಲ್ಲ, ಏಳು ಜನ ಹಿರಿಯರದೇ ತೀರ್ಮಾನ, ಒಂದು ಕೈ, ಎರಡು, ಕಿಟಕಿಯ ಹತ್ತಿರದ ಮೂರನೆಯದು, ನಾಲ್ಕನೆಯದು ಮರ್ಲ್‌ನದು, ಎತ್ತಿದರೆ ಮುಗಿಯಿತು, ಡೆಲ್ಮಾಳಿಗೆ ಯಾರು ಹೇಳಬೇಕು, ನಾನೇ ಹೇಳಬೇಕು, ಕಾಲುಚೀಲ ಕೈಗೆ ಕೊಟ್ಟು, ಅನುಮೋದಿಸಿದವಳು ನಾನೇ ಕಣಮ್ಮ ಎಂದು — ರೇಡಿಯೇಟರ್ ಕಟಕಟ ಎನ್ನುತ್ತಿದೆ, ಮೇಜಿನ ಮೇಲೆ ಆ ಕೈ ಹಾಗೇ ಬಿದ್ದಿದೆ, ಏಳುತ್ತಿಲ್ಲ, ಪಾಸ್ಟರ್ ಕಾಯುತ್ತಾರೆ, ಏಳುತ್ತಿಲ್ಲ, ವಿರುದ್ಧ ಇರೋರು, ಎನ್ನುತ್ತಾರೆ, ಗೇಲ್ ಕೈ ಎತ್ತಿದಳು, ಅವಳ ಪಕ್ಕದವನು ಎತ್ತಿದ, ಆರ್ಡಿತ್‌ಳದು ಆಗಲೇ ಮೇಲಿದೆ, ತೋಳು ನೋಯುತ್ತಿದೆ, ಅತ್ತ ನೋಡಬಾರದು, ನೋಡಬಾರದು, ನೋಡಿದಳು, ಮೇಜಿನಿಂದ ಮೆಲ್ಲಗೆ, ಮೊಣಕೈ ಊರಿಕೊಂಡು, ಮೇಲೇಳುತ್ತಿದೆ ಆ ಕೈ, ಸಾಬೂನಿನ ಕೈ, ಸೂಪಿನ ಹಂಡೆಯ ಕೈ, ಬೆರಳಿಲ್ಲದ ಕಡೆಯಿಂದ ಕಿಟಕಿಯ ಬೆಳಕು ಕಾಣುವ ಕೈ, ಬೇಡ ಎನ್ನುವ ನಾಲ್ಕನೆಯ ಕೈ, ಆ ಕೈ