ಕೀಫೋಳ ಕಿರುಬೆರಳು

ಬೇರೆಯವರ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವುದು ಎಂಥ ಕಷ್ಟ ಎಂಬುದು ಜಯಲಕ್ಷ್ಮಿಯವರಿಗೆ ಆ ಶುಕ್ರವಾರ ಗೊತ್ತಾಯಿತು. ಮೈಸೂರಿನಿಂದ ಗೋಪಾಲ್ ಫೋನ್ ಮಾಡಿದ್ದರು. ನೈರೋಬಿಯ ಕನ್ನಡ ಸಂಘಕ್ಕೆ ಈ ವರ್ಷ ಅಧ್ಯಕ್ಷನಾಗಿದ್ದ ಧನಂಜಯನ ಅಕ್ಕನ ಗಂಡ ಅವರು.

"ಮೇಡಂ, ಧನಂಜಯನ ದೊಡ್ಡಪ್ಪ ಹೋಗ್ಬಿಟ್ರು. ತೊಂಬತ್ತು ದಾಟಿತ್ತು, ಕಾಫಿ ಕುಡಿದು ಮಲಗಿದೋರು ಏಳ್ಲಿಲ್ಲ. ನಾಳೆ ಅವನು ಗಣಪತಿ ಪೂಜೆಗೆ ಕೂತ್ಕೋಬೇಕಲ್ವಾ? ಕಿವಿಗೆ ಬಿತ್ತೋ, ಸೂತಕ. ಅವನ ಹೆಂಡ್ತಿ ವಿಜಿಗೂ ಹೇಳೋ ಹಾಗಿಲ್ಲ, ಅವಳಿಗೂ ಅಂಟುತ್ತೆ. ನಿಮ್ದು ಬೇರೆ ಗೋತ್ರ. ಊಟ ಮುಗಿಯೋವರ್ಗೂ ನಿಮ್ಮ ಹತ್ರ ಇರ್ಲಿ, ಆಮೇಲೆ ನಿಧಾನವಾಗಿ ಹೇಳ್ಬಿಡಿ."

ಲಾಕರಿನಲ್ಲಿ ಒಡವೆ ಇಟ್ಟ ಹಾಗೆ ಒಂದು ಸಾವನ್ನು ತಂದು ಅವರಲ್ಲಿ ಇಟ್ಟಾಗಿತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಜಯಲಕ್ಷ್ಮಿಯವರಿಗೆ ಸೂತಕದಲ್ಲಿ ಅಷ್ಟೇನೂ ನಂಬಿಕೆ ಇರಲಿಲ್ಲ. ಆದರೆ ಧನಂಜಯನಿಗೆ ಇತ್ತು. ಸಂಘದ ಗಣಪತಿಯ ಮುಂದೆ ಮಣೆಯ ಮೇಲೆ ಕೂರಬೇಕೆಂದು ಅವನು ಎಷ್ಟು ವರ್ಷದಿಂದ ಕಾದಿದ್ದ ಎಂಬುದು ಊರಿಗೆಲ್ಲ ತಿಳಿದಿತ್ತು. ಅವರು "ಆಗಲಿ" ಎಂದು ಮಾತು ಕೊಟ್ಟರು.

ಶನಿವಾರ ಬೆಳಿಗ್ಗೆ ಮೊಮ್ಮಗಳು ಚೈತನ್ಯಾಳನ್ನು ಕರೆದುಕೊಂಡು ಕಸರಾನಿಯ ಬಾಡಿಗೆ ಸಭಾಂಗಣಕ್ಕೆ ಹೋದರು. ಗಣಪತಿಯ ಎದುರು ಗೋಡೆಯಲ್ಲಿ ಮಕ್ಕಳ ಚಿತ್ರ ತೂಗುಹಾಕಲು ಹಗ್ಗ ಕಟ್ಟಿದ್ದರು. ಸಭಾಂಗಣ ನೋಡಿಕೊಳ್ಳುವ ಫೆಲಿಕ್ಸ್ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಮನೆಯಿಂದಲೇ ತಂದಿದ್ದ. ಗಿಡ್ಡ ಮಕ್ಕಳ ಚಿತ್ರ ಗಿಡ್ಡ ಮಕ್ಕಳಿಗೇ ಕಾಣಲಿ ಎಂದು ಒಂದು ಹಗ್ಗವನ್ನು ಕೆಳಗೆ ಕಟ್ಟಿದ್ದ.

ಹನ್ನೆರಡು ವರ್ಷದ ಚೈತನ್ಯಾ ಆಗಸ್ಟ್ ರಜೆಯನ್ನೆಲ್ಲ ಸುರಿದು ಒಂದು ಕಾಮಿಕ್ ಬರೆದಿದ್ದಳು. ಅದರ ನಾಯಕಿಯ ಹೆಸರು ಕೀಫೋ. ಸ್ವಾಹಿಲಿಯಲ್ಲಿ ಹಾಗೆಂದರೆ ಸಾವು. ನೇರಳೆ ಬೂಟು, ಉದ್ದನೆಯ ಕೈಗವಸು. ಅವಳ ಬರಿಯ ಕಿರುಬೆರಳು ತಾಗಿದರೆ ಎಂಥವರೂ ಅಲ್ಲೇ ಖಲಾಸ್.

"ತಾಗಿದವರೆಲ್ಲ ಸತ್ರೆ ಎರಡನೇ ಪುಟಕ್ಕೇ ಕಥೆ ಮುಗೀತಲ್ಲೇ?" ಎಂದು ಜಯಲಕ್ಷ್ಮಿ ಮನೆಯಲ್ಲೇ ತಕರಾರು ತೆಗೆದಿದ್ದರು.

"ಅಜ್ಜೀ, ಶೀ ನೆವರ್ ಟಚಸ್ ಎನಿಒನ್! ಗ್ಲವ್ ತೆಗೀತಾಳೆ, ಅಷ್ಟೇ."

ನಿಜ. ಪುಟಪುಟದಲ್ಲೂ ಕೀಫೋ ಕೈಗವಸನ್ನು ನಿಧಾನವಾಗಿ ಜಾರಿಸುತ್ತಿದ್ದಳು, ದುಷ್ಟರು ಕಿತ್ತಾಪತಿ ಬಿಟ್ಟು ಓಡುತ್ತಿದ್ದರು. ರಸ್ತೆಯ ಮಧ್ಯೆ ರೇಸಿಗಿಳಿದಿದ್ದ ಎರಡು ಮಟಾಟು ವ್ಯಾನುಗಳು ಗುಬ್ಬಚ್ಚಿಗಳ ಹಾಗೆ ಸಾಲಾಗಿ ನಿಂತಿದ್ದವು. ಕೊನೆಯ ಪುಟದಲ್ಲಿ ಮಾತ್ರ ಕೀಫೋ ಒಬ್ಬಳೇ ಕೂತಿದ್ದಳು. ಯಾರೂ ಹತ್ತಿರ ಬರುವುದಿಲ್ಲ. ಆಗ ಬೀದಿಬದಿಯಲ್ಲಿ ಮಂಡಾಜಿ ಕರಿಯುವ ಹೆಂಗಸು ಇಕ್ಕಳದಲ್ಲಿ ಹಿಡಿದು ಒಂದು ಬಿಸಿ ಮಂಡಾಜಿಯನ್ನು ಅವಳಿಗೆ ಚಾಚುತ್ತಾಳೆ.

ಚಿತ್ರ ಚೆನ್ನಾಗಿದ್ದರೂ, ಕೈಗವಸು ತೆಗೆದ ಮಾತ್ರಕ್ಕೆ ಯಾರಾದರೂ ಅಷ್ಟು ಹೆದರುತ್ತಾರೆಯೇ ಎಂಬ ಸಂಶಯ ಜಯಲಕ್ಷ್ಮಿಯವರಿಗೆ ಉಳಿದೇ ಇತ್ತು.

ಧನಂಜಯ ರೇಷ್ಮೆ ಪಂಚೆಯಲ್ಲಿ ಬಂದ. ಔಷಧ ಕಾರ್ಖಾನೆಯ ಮ್ಯಾನೇಜರ್. ಏನು ಕಂಡರೂ ತಪಾಸಣೆ ಮಾಡುವುದು ಅವನ ಅಭ್ಯಾಸ. ಹಗ್ಗದುದ್ದಕ್ಕೂ ನಡೆದು ಬಂದವನು ಕೀಫೋಳ ಮುಂದೆ ನಿಂತ.

"ಇದೇನು ಪುಟ್ಟಿ, ಹಬ್ಬದ ದಿನ ಸಾವಿನ ಹೆಸರು? ಬಿಡ್ತು ಅನ್ನು!"

"ಅಂಕಲ್, ಇಟ್ಸ್ ಹರ್ ಪವರ್."

"ಸಾವು ಯಾವ ಸೀಮೆ ಪವರ್ರು? ಸೂಪರ್‌ಹೀರೋ ಅಂದ್ರೆ ಹಾರ್ಬೇಕು, ಬಿಲ್ಡಿಂಗ್ ಎತ್ಬೇಕು. ಸಾಯ್ಸೋದು ವಿಲನ್ ಕೆಲ್ಸ."

"ಯಮ ವಿಲನ್ ಅಲ್ಲ. ಹೀ ಈಸ್ ಎ ಗಾಡ್."

"ಇರ್ಲಿ. ಅವನನ್ನ ಯಾರಾದ್ರೂ ಹಬ್ಬಕ್ಕೆ ಕರೀತಾರಾ?" ಎಂದು ನಕ್ಕು, "ಒಂದು ಕೆಲ್ಸ ಮಾಡು. ಅವಳು ಮುಟ್ಟಿದ್ರೆ ಹೂ ಅರಳತ್ತೆ ಅಂತ ಬರಿ, ಈಗ್ಲೇ ಹಾಕಿಸ್ತೀನಿ" ಎಂದ. ಆಮೇಲೆ ಫೆಲಿಕ್ಸನಿಗೆ ತೆಗೆಯುವಂತೆ ಸನ್ನೆ ಮಾಡಿದ. ಫೆಲಿಕ್ಸ್ ಏಣಿ ಹತ್ತಿದ, ಆದರೆ ಮೊದಲ ಕ್ಲಿಪ್ಪನ್ನು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯುತ್ತಿತ್ತು.

ಚೈತನ್ಯಾ ಅಳಲಿಲ್ಲ. ರಜೆಯಿಡೀ ಬರೆದ ಪುಟಗಳು ಒಂದೊಂದಾಗಿ ಕೆಳಗಿಳಿಯುವುದನ್ನು ಕೆಳತುಟಿ ಒಳಗೆಳೆದುಕೊಂಡು ನೋಡುತ್ತ ನಿಂತಳು. ಅವಳು ಅತ್ತಿದ್ದರೆ ಅಜ್ಜಿ ಸುಮ್ಮನಿರುತ್ತಿದ್ದರೋ ಏನೋ.

ಜಯಲಕ್ಷ್ಮಿಯವರೊಳಗೆ ಹಳೆಯ ತುಂಟತನವೊಂದು ಎದ್ದು ಕೂತಿತು. ಮಾತು ಮುರಿಯುವ ಹಾಗಿಲ್ಲ. ಆದರೆ ಕೈಗವಸು ತೆಗೆಯಬಾರದು ಎಂದು ಗೋಪಾಲ್ ಹೇಳಿರಲಿಲ್ಲವಲ್ಲ!

"ಧನಂಜಯ," ಎಂದರು ಬಹಳ ಮೃದುವಾಗಿ, "ನಿನ್ನೆ ಮೈಸೂರಿಂದ ಗೋಪಾಲ್ ಫೋನ್ ಮಾಡಿದ್ರು ಕಣಪ್ಪ."

ಧನಂಜಯನ ನಗು ಅಲ್ಲೇ ನಿಂತಿತು. ದೊಡ್ಡಪ್ಪ ಹಾಸಿಗೆ ಹಿಡಿದದ್ದು ಅವನಿಗೆ ಗೊತ್ತಿತ್ತು. ಗಣಪತಿ ಪೂಜೆ ಮುಗಿಯುವವರೆಗೆ ಏನೂ ಕೇಳಿಸದಿರಲಿ ಎಂದೇ ಅವನು ಎರಡು ದಿನದಿಂದ ಫೋನನ್ನು ಕಾರಿನಲ್ಲೇ ಬಿಟ್ಟು ಓಡಾಡುತ್ತಿದ್ದ.

"ಗೋಪಾಲ್ ಭಾವ... ನಿಮ್ಗಾ? ನಿಮ್ಗ್ಯಾಕೆ?"

"ನಂದು ಬೇರೆ ಗೋತ್ರ ಅಲ್ವಾ, ಅದಕ್ಕೆ."

ಅವನು ಎರಡೂ ಕಿವಿ ಮುಚ್ಚಿಕೊಂಡು ಹಿಂದೆ ಸರಿದ. ಹೂವಿನ ಬುಟ್ಟಿ ಎಡವಿದ. "ಮೇಡಂ, ದಮ್ಮಯ್ಯ! ಮುಂದೆ ಒಂದಕ್ಷರ ಬೇಡ!"

"ನಾನೇನು ಹೇಳಿದೆ? ಫೋನ್ ಬಂತು ಅಂದೆ."

"ಅಷ್ಟು ಸಾಕು. ಅನುಮಾನಕ್ಕೆ ಸೂತಕ ಇಲ್ಲ. ಕೇಳಿದ್ರೇನೇ ಇರೋದು."

ಜಯಲಕ್ಷ್ಮಿ ಒಂದು ಹೆಜ್ಜೆ ಮುಂದಿಟ್ಟರು. ಅವನು ಎರಡು ಹೆಜ್ಜೆ ಹಿಂದಿಟ್ಟ. ಐದಡಿಯೂ ಇಲ್ಲದ, ಮಂಡಿನೋವಿನ ಮುದುಕಿ. ಆರಡಿಯ ಅಧ್ಯಕ್ಷ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.

"ಸಾವು ಯಾವ ಸೀಮೆ ಪವರ್ರು ಅಂದ್ಯಲ್ಲ," ಎಂದು ಅವರು ಸೆರಗು ಸರಿಮಾಡಿಕೊಂಡರು. "ಅದನ್ನೇ ಯೋಚಿಸ್ತಿದ್ದೆ."

"ಓ ಮೈ ಗಾಡ್," ಎಂದು ಚೈತನ್ಯಾ ಉಸಿರೆಳೆದಳು. "ಅಜ್ಜಿ ಗ್ಲವ್ ತೆಗೀತಿದಾರೆ!"

"ಫೆಲಿಕ್ಸ್!" ಎಂದು ಕಿವಿ ಮುಚ್ಚಿಕೊಂಡೇ ಧನಂಜಯ ಕೂಗಿದ. "ಪುಟ್ ಇಟ್ ಬ್ಯಾಕ್! ಆಲ್ ಪೇಜಸ್! ಆನ್ ದ ಟಾಪ್ ರೋಪ್, ಇನ್ ದ ಮಿಡಲ್!"

"ಸವಾ, ಸವಾ," ಎಂದು ಒಪ್ಪಿ ತಲೆಯಾಡಿಸಿದ ಫೆಲಿಕ್ಸ್. ಬಿಚ್ಚಲು ಅಷ್ಟು ಹೊತ್ತು ತೆಗೆದುಕೊಂಡವನಿಗೆ ಹಾಕಲು ಕ್ಷಣವೂ ಬೇಕಾಗಲಿಲ್ಲ.

ಪೂಜೆ ಸಾಂಗವಾಗಿ ನಡೆಯಿತು. ಮಣೆಯ ಮೇಲೆ ಕೂತ ಧನಂಜಯನ ಮುಖ ಆರತಿಯ ಬೆಳಕಿನಲ್ಲಿ ಚಿಕ್ಕ ಮಗುವಿನ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ಜಯಲಕ್ಷ್ಮಿಯವರಿಗೆ ಸ್ವಲ್ಪ ನಾಚಿಕೆಯಾಯಿತು. ತುಸುವೇ. ಏಕೆಂದರೆ ಕೀಫೋಳ ಮುಂದೆ ಸೇರಿದ್ದ ಗುಂಪು ಆಗಲೇ ಕಡುಬಿನ ಸಾಲಿಗಿಂತ ಉದ್ದವಾಗಿತ್ತು.

ಊಟಕ್ಕೆ ಅವನು ಅವರ ಪಕ್ಕದಲ್ಲೇ ಬಂದು ಕೂತ.

"ಈಗ ಹೇಳ್ಬಿಡಿ ಮೇಡಂ."

"ಮೊದ್ಲು ಪಾಯಸ ತಿನ್ನು. ಸುದ್ದಿ ಹಳಸಲ್ಲ."

ಅವನು ಪಾಯಸ ತಿಂದ. ಇನ್ನೊಂದು ಬಟ್ಟಲು ಹಾಕಿಸಿಕೊಂಡ. ಮೂರನೆಯದನ್ನೂ ಹಾಕಿಸಿಕೊಂಡಾಗ ವಿಜಿ ದೂರದಿಂದಲೇ, "ರೀ, ಶುಗರ್ರು!" ಎಂದು ಕೂಗಿದಳು. ಜಯಲಕ್ಷ್ಮಿ ಕೈಸನ್ನೆಯಲ್ಲೇ ಅವಳನ್ನು ಸುಮ್ಮನಾಗಿಸಿದರು. ಮೂರನೆಯ ಬಟ್ಟಲು ಯಾವುದನ್ನು ಮುಂದೂಡಲು ಎಂಬುದು ಅವರಿಗೆ ತಿಳಿದಿತ್ತು.

ಬಟ್ಟಲು ಬರಿದಾಯಿತು. ಅವರು ಹೇಳಿದರು. ಕಾಫಿಯ ವಿಷಯವನ್ನೂ ಬಿಡದೆ ಹೇಳಿದರು.

"ಕಾಫಿ ಕುಡಿದೇ ಹೋದ್ರಾ?" ಎಂದು ಧನಂಜಯ ಬರಿದಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ದಸರಾ ಆನೆ ತೋರಿಸಿದ್ರು, ಮೇಡಂ."

ಆಮೇಲೆ ಎದ್ದು ಹಿತ್ತಲಿನ ನಲ್ಲಿಯ ಕೆಳಗೆ ರೇಷ್ಮೆ ಪಂಚೆಯಲ್ಲೇ ತಲೆಯೊಡ್ಡಿದ. ಯಾರನ್ನೂ ಮುಟ್ಟದ ಹಾಗೆ ದೂರ ಹೋಗಿ ಮೆಟ್ಟಿಲ ಮೇಲೆ ಕೂತ. ಫೆಲಿಕ್ಸ್ ಒಂದು ಟವೆಲನ್ನು ಪಕ್ಕದ ಕಂಬಿಯ ಮೇಲೆ ಹಾಕಿ ಹೋದ.

"ಅಜ್ಜಿ, ನೋಬಡಿ ಕ್ಯಾನ್ ಟಚ್ ಹಿಮ್?" ಎಂದಳು ಚೈತನ್ಯಾ.

"ಸದ್ಯಕ್ಕೆ ಇಲ್ಲ ಪುಟ್ಟಿ."

"ಲೈಕ್ ಕೀಫೋ?"

ಅವಳು ಅಡುಗೆಯವರ ಕಡೆಗೆ ಓಡಿದಳು. ಬರುವಾಗ ಕೈಯಲ್ಲಿ ಉದ್ದನೆಯ ಇಕ್ಕಳ, ಅದರ ತುದಿಯಲ್ಲಿ ಒಂದು ಬಿಸಿ ಕಡುಬು. ಮೆಟ್ಟಿಲ ಬಳಿ ನಿಂತು, ತೋಳು ನೀಡಿದಷ್ಟೂ ನೀಡಿ, ಅದನ್ನು ಧನಂಜಯನ ಮುಂದೆ ಹಿಡಿದಳು.

ಒದ್ದೆ ತಲೆಯ ಧನಂಜಯ ಕಡುಬನ್ನು ನೋಡಿದ, ಇಕ್ಕಳವನ್ನು ನೋಡಿದ. ಮೂಗು ಒರೆಸಿಕೊಂಡು ಎರಡೂ ಕೈ ಒಡ್ಡಿದ.

"ಹೂ ಅರಳೋದೆಲ್ಲ ಬೇಡ ಪುಟ್ಟಿ," ಎಂದ. "ಹೀಗೇ ಇರ್ಲಿ."